ಶತಮಾನದ ಛಾಯಾಚಿತ್ರಗಳು: ಉಳಿದವು ಮತ್ತು ಅಳಿದವು

ನಮ್ಮ ಶಾಲೆಯ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಛಾಯಾಚಿತ್ರಗಳನ್ನು ಸಂಗ್ರಹಿಸುವ ಕಾರ್ಯವನ್ನು ಕೈಗೆತ್ತಿಕೊಂಡಾಗ, ಹಳೆಯ ಕಾಲದ ಚಿತ್ರಗಳು ದೊರೆಯುವುದು ದುರ್ಲಭ, ಇತ್ತೀಚಿನವು ಬೇಕಾದಷ್ಟು ದೊರೆಯುವುವು ಎಂದೇ ಸಂಪಾದಕ ಮಂಡಳಿಯ ಎಲ್ಲರ ಎಣಿಕೆಯಾಗಿತ್ತು. ಆದದ್ದು ಇದಕ್ಕೆ ತೀರ ವಿರುದ್ಧ. ಸಂಸ್ಥಾನ ಕಾಲದ ಗುಂಪುಚಿತ್ರಗಳು ಬಂದವು. ಟೊಪ್ಪಿಗೆ ಧರಿಸಿದ ಗುರುಗಳು ನಡುವೆ ಕುರ್ಚಿಯಲ್ಲಿ, ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ, ದಪ್ಪ ಬೂದುಬಣ್ಣದ ರಟ್ಟಿಗೆ ಅಂಟಿಸಿದ ಚಿತ್ರಗಳವು. ಐವತ್ತು, ಅರವತ್ತು, ಎಪ್ಪತ್ತರ ದಶಕದವು ಇನ್ನೂ ಹೆಚ್ಚು ಸಂಖ್ಯೆಯಲ್ಲಿ ಬಂದವು. ತೊಂಬತ್ತರ ದಶಕದ ಬಣ್ಣದ ಚಿತ್ರಗಳಿಗೂ ಕೊರತೆಯಾಗಲಿಲ್ಲ. ಆದರೆ 2005ರಿಂದ ಮುಂದಿನ ಸುಮಾರು ಹತ್ತು ವರ್ಷಗಳಿಗೆ ಬಂದು ನಿಂತಾಗ ಸಂಪುಟದ ಹಾಳೆಗಳು ಬರಿದಾಗಿ ಉಳಿದವು. ಆ ವರ್ಷಗಳಲ್ಲಿ ನಮ್ಮ ಶಾಲೆಯಲ್ಲಿ ಸ್ನೇಹಸಮ್ಮೇಳನಗಳು ನಡೆದಿವೆ, ಸಹಲುಗಳು ಹೋಗಿಬಂದಿವೆ, ಬೀಳ್ಕೊಡುವ ಸಮಾರಂಭಗಳು ಆಗಿವೆ. ಹಿಂದೆಂದಿಗಿಂತಲೂ ಹೆಚ್ಚು ಚಿತ್ರಗಳನ್ನು ಆಗಲೇ ತೆಗೆದದ್ದು. ಏಕೆಂದರೆ ರೀಲಿನ ಖರ್ಚಿಲ್ಲದ ಡಿಜಿಟಲ್ ಕ್ಯಾಮೆರಾ ಬಂದಿತ್ತು.

ಆ ಚಿತ್ರಗಳು ಎಲ್ಲಿ ಹೋದವು ಎಂಬುದರ ಕಥೆ ಸರಳವಾದದ್ದು, ಬಹುಶಃ ಪ್ರತಿಯೊಂದು ಮನೆಯ ಕಥೆಯೂ ಹೌದು. ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿದಂತೆಲ್ಲ ಕಚೇರಿಯ ಕಂಪ್ಯೂಟರಿಗೆ ಚಿತ್ರಗಳನ್ನು ಇಳಿಸಿ ಕಾರ್ಡನ್ನು ಬರಿದು ಮಾಡಲಾಗುತ್ತಿತ್ತು. ಕೆಲವನ್ನು ಸಿಡಿಗಳಿಗೂ ಬರೆದಿಡಲಾಗಿತ್ತು. ಒಂದು ಮಳೆಗಾಲದಲ್ಲಿ ಕಂಪ್ಯೂಟರು ಕೆಟ್ಟಿತು. ದುರಸ್ತಿಗೆ ಹೋದ ಯಂತ್ರ ಹೊಚ್ಚಹೊಸದರಂತೆ ಚುರುಕಾಗಿ ಮರಳಿ ಬಂದಿತು, ಒಳಗೆ ಏನೂ ಇರಲಿಲ್ಲ. ದುರಸ್ತಿ ಮಾಡಿದವರು ತಮಗೆ ಹೇಳಿದ ಕೆಲಸವನ್ನು ಮಾಡಿದ್ದರು. ಒಳಗಿರುವುದನ್ನು ತೆಗೆದಿರಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇತ್ತೀಚೆಗೆ ಕಪಾಟಿನಿಂದ ಸಿಡಿಗಳನ್ನು ತೆಗೆದಾಗ ಅವುಗಳ ಮೇಲೆ ಸಮಾರಂಭದ ಹೆಸರು, ದಿನಾಂಕ ಎಲ್ಲವೂ ಸ್ಫುಟವಾಗಿದ್ದವು. ಆದರೆ ಯಂತ್ರಕ್ಕೆ ಹಾಕಿದರೆ ಹೆಚ್ಚಿನವು ತೆರೆಯಲಿಲ್ಲ.

ಹಾಗಾದರೆ ಸಂಸ್ಥಾನ ಕಾಲದ ಚಿತ್ರ ಉಳಿದದ್ದು ಹೇಗೆ? ಶಾಲೆಯವರು ಜೋಪಾನ ಮಾಡಿದ್ದರಿಂದ ಎಂದು ಹೇಳಿಕೊಳ್ಳಲು ನನಗೂ ಆಸೆಯಿದೆ, ಆದರೆ ಸತ್ಯ ಹಾಗಿಲ್ಲ. ಶಾಲೆಯ ಗೋಡೆಯ ಮೇಲಿದ್ದ ಪ್ರತಿಗಳನ್ನು ಬಹುಮಟ್ಟಿಗೆ ಗೆದ್ದಲು ಮತ್ತು ಸೋರುವ ಹಂಚು ಮುಗಿಸಿದ್ದವು. ನಮಗೆ ಬಂದವು ಮನೆಗಳಿಂದ ಬಂದ ಪ್ರತಿಗಳು. ಆ ಕಾಲದಲ್ಲಿ ಛಾಯಾಚಿತ್ರಕಾರನು ಗುಂಪುಚಿತ್ರ ತೆಗೆದು, ಮಕ್ಕಳ ಮನೆಯವರಿಗೆ ಒಂದೊಂದು ಪ್ರತಿಯನ್ನು ಮಾರಿಯೇ ತನ್ನ ಹೊಟ್ಟೆ ಹೊರೆಯಬೇಕಾಗಿತ್ತು. ಹೀಗೆ ಒಂದೇ ಚಿತ್ರ ಹಲವು ಮನೆಗಳ ಗೋಡೆಯ ಮೇಲೆ, ಟ್ರಂಕುಗಳ ತಳದಲ್ಲಿ ಹಂಚಿಹೋಯಿತು. ಆ ಮಕ್ಕಳಲ್ಲಿ ಕೆಲವರು ಮಗ್ಗದ ಕೆಲಸಕ್ಕೆ ಇಚಲಕರಂಜಿಗೆ ಹೋದರು, ಕೆಲವರು ಸಂಕೇಶ್ವರ, ನಿಪ್ಪಾಣಿ, ಬೆಳಗಾವಿಗಳಿಗೆ ಮದುವೆಯಾಗಿ ಹೋದರು, ಕೆಲವರು ಪುಣೆ ಮುಂಬಯಿ ಸೇರಿದರು. ಚಿತ್ರವೂ ಅವರೊಂದಿಗೆ ಹೋಯಿತು. ಶಾಲೆಯಲ್ಲಿ ಅಳಿದದ್ದು ನೂರಾರು ಮೈಲು ದೂರದ ಒಂದು ಮನೆಯಲ್ಲಿ ಉಳಿದು, ಈಗ ಮೊಮ್ಮಗನ ಕೈಯಲ್ಲಿ ಮರಳಿ ಬಂದಿದೆ. ಡಿಜಿಟಲ್ ಕ್ಯಾಮೆರಾ ಒಂದು ಚಿತ್ರಕ್ಕೆ ಸಾವಿರ ಪ್ರತಿ ಮಾಡಬಲ್ಲ ಸೌಕರ್ಯವನ್ನು ಕೊಟ್ಟಿತು. ಪ್ರತಿಯನ್ನು ಕೊಳ್ಳುವ ಅಗತ್ಯವೇ ಇಲ್ಲದಂತಾದ ಮೇಲೆ ಯಾರೂ ಪ್ರತಿ ಮಾಡಲಿಲ್ಲ. ಇತಿಹಾಸವನ್ನು ಕಲಿಸುವ ನನಗೆ ಈ ವಿಪರ್ಯಾಸ ಹೊಸತಾಗಿ ಕಾಣಲಿಲ್ಲ. ಇದರ ಹಳೆಯ ಉದಾಹರಣೆಗಳು ನಮ್ಮ ಜಿಲ್ಲೆಯಲ್ಲಿಯೇ ಇವೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ; ನಮ್ಮ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಇದನ್ನು ಹೇಳಿದಾಗ ಇಂದಿಗೂ ನಮ್ಮ ಮಕ್ಕಳು ಅಚ್ಚರಿಪಡುತ್ತಾರೆ. ಬೆಂಗಳೂರಿನಲ್ಲಿದ್ದ ಚಮನ್‌ಲಾಲ್ ಡುಂಗಾಜಿಯವರ ಸೌತ್ ಇಂಡಿಯಾ ಮೂವಿಟೋನ್ ಅದನ್ನು ನಿರ್ಮಿಸಿತು. ವೈ.ವಿ. ರಾವ್ ನಿರ್ದೇಶಿಸಿದರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು ಮತ್ತು ಹಾಡುಗಳನ್ನು ಬರೆದರು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ, ಲಕ್ಷ್ಮೀಬಾಯಿ ಮೊದಲಾದ ರಂಗನಟರು ಮೈಸೂರು ಸೀಮೆಯಿಂದ ಇಲ್ಲಿಗೆ ಬಂದು ಕೆಲವು ವಾರ ಬಿಡಾರ ಹೂಡಿ ಅಭಿನಯಿಸಿದರು. ಆಗ ಬೆಂಗಳೂರಿನಲ್ಲಿ ವಾಕ್ಚಿತ್ರ ತೆಗೆಯುವ ಸ್ಟುಡಿಯೋ ಇರಲಿಲ್ಲ. ಕೊಲ್ಹಾಪುರದಲ್ಲಿ ಬಾಬೂರಾವ್ ಪೇಂಟರರ ಕಾಲದಿಂದಲೂ ಚಿತ್ರೋದ್ಯಮ ಬೇರೂರಿತ್ತು. ಚಿತ್ರವು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆ ದಿನವನ್ನು ಕನ್ನಡ ಚಿತ್ರರಂಗ ಈಗಲೂ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ.

ಆದರೆ ಆ ಚಿತ್ರದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ರಾವಣನಾಗಿ ನಾಗೇಂದ್ರರಾಯರು ಆಡಿದ ಮಾತು ಹೇಗೆ ಕೇಳಿಸುತ್ತಿತ್ತು, ಕನ್ನಡವು ಮೊತ್ತಮೊದಲ ಬಾರಿಗೆ ಬೆಳ್ಳಿತೆರೆಯಿಂದ ಹೇಗೆ ಹೊಮ್ಮಿತು ಎಂಬುದನ್ನು ಕೇಳುವ ಭಾಗ್ಯ ನಮಗಿಲ್ಲ.

ಇದಕ್ಕೆ ಎರಡು ವರ್ಷ ಮೊದಲು, 1932ರಲ್ಲಿ, ಇದೇ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪನಿಯು ವ್ಹಿ. ಶಾಂತಾರಾಮರ ನಿರ್ದೇಶನದಲ್ಲಿ ‘ಅಯೋಧ್ಯೇಚಾ ರಾಜಾ’ ಎಂಬ ಮರಾಠಿ ವಾಕ್ಚಿತ್ರವನ್ನು ತೆಗೆದಿತ್ತು. ಅದು ಉಳಿದಿದೆ, ಇಂದೂ ನೋಡಬಹುದು. ಭಾರತದ ಮೊದಲ ವಾಕ್ಚಿತ್ರವಾದ ‘ಆಲಂ ಆರಾ’ ಕೂಡ ಕಳೆದುಹೋಗಿರುವಾಗ ಇದು ಉಳಿದಿರುವುದು ದೊಡ್ಡ ಮಾತು. ಒಂದೇ ಊರು, ಹೆಚ್ಚುಕಡಿಮೆ ಒಂದೇ ಕಾಲ, ಒಂದೇ ಬಗೆಯ ಫಿಲ್ಮು. ಒಂದು ಉಳಿಯಿತು, ಇನ್ನೊಂದು ಅಳಿಯಿತು. ಆ ಕಾಲದ ಫಿಲ್ಮು ನೈಟ್ರೇಟಿನದು. ಬೇಗ ಬೆಂಕಿ ಹಿಡಿಯುವಂಥದ್ದು, ಸುಮ್ಮನೆ ಡಬ್ಬಿಯಲ್ಲಿಟ್ಟರೂ ಕಾಲಕ್ರಮದಲ್ಲಿ ಅಂಟಾಗಿ, ಕೊನೆಗೆ ಪುಡಿಯಾಗುವಂಥದ್ದು. ಅದರಲ್ಲಿ ಬೆಳ್ಳಿಯ ಅಂಶವಿದ್ದುದರಿಂದ ಓಡಿ ಹಳತಾದ ರೀಲುಗಳನ್ನು ಬೆಳ್ಳಿಗಾಗಿ ಕರಗಿಸುವ ವ್ಯಾಪಾರವೂ ನಡೆಯುತ್ತಿತ್ತು. ಈ ಅಪಾಯಗಳು ಎರಡು ಚಿತ್ರಗಳಿಗೂ ಸಮಾನವಾಗಿದ್ದವು. ಭೇದವಿದ್ದದ್ದು ಕಾಯುವವರಲ್ಲಿ. ಪ್ರಭಾತ್ ಒಂದು ಸಂಸ್ಥೆಯಾಗಿ ನೆಲೆನಿಂತಿತು. 1933ರಲ್ಲಿ ಪುಣೆಗೆ ಹೋದ ಮೇಲೂ ತನ್ನ ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ಪ್ರದರ್ಶಿಸಿತು. ಪ್ರದರ್ಶನವಿದ್ದಲ್ಲಿ ಪ್ರತಿಗಳಾಗಲೇ ಬೇಕು. ‘ಸತಿ ಸುಲೋಚನ’ದ ಸ್ಥಿತಿ ಬೇರೆ. ನಿರ್ಮಾಪಕರು ಒಂದು ಊರಿನವರು, ಸ್ಟುಡಿಯೋ ಇನ್ನೊಂದು ಸಂಸ್ಥಾನದಲ್ಲಿ, ಪ್ರೇಕ್ಷಕರು ಮತ್ತೊಂದು ಕಡೆ. ಕೊಲ್ಹಾಪುರಕ್ಕೆ ಅದು ಬಾಡಿಗೆಗೆ ಬಂದವರ ಚಿತ್ರ, ಬೆಂಗಳೂರಿಗೆ ಅದು ಹೊರಗೆ ತಯಾರಾಗಿ ಬಂದ ಚಿತ್ರ. ಕಾಪಾಡುವ ಹೊಣೆ ತಮ್ಮದೆಂದು ಯಾರೂ ತಿಳಿಯಲಿಲ್ಲವೇನೋ ಎಂದು ನನಗೆ ಅನಿಸುತ್ತದೆ.

ಪ್ರಭಾತ್ ಚಿತ್ರಗಳ ಮುಂದಿನ ಕಥೆಯನ್ನೂ ಹೇಳಬೇಕು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಯಿತು. ಹಳೆಯ ನೈಟ್ರೇಟ್ ಫಿಲ್ಮುಗಳನ್ನು ಪ್ರಭಾತ್ ಸ್ಟುಡಿಯೋ ಇದ್ದ ಆವರಣದ ಉಗ್ರಾಣದಲ್ಲಿ ಇರಿಸಲಾಗಿತ್ತು. 2003ರ ಜನವರಿ 8ರಂದು ಆ ಉಗ್ರಾಣಕ್ಕೆ ಬೆಂಕಿ ಬಿದ್ದು ಪ್ರಭಾತ್‌ನ ಮೂಲ ನೆಗೆಟಿವುಗಳು ಸುಟ್ಟುಹೋದವು. ಆದರೂ ಆ ಚಿತ್ರಗಳು ಲೋಕದಿಂದ ಮರೆಯಾಗಲಿಲ್ಲ. ಬೆಂಕಿ ಬೀಳುವುದಕ್ಕೆ ಮುಂಚೆಯೇ ಅವುಗಳನ್ನು ಸುರಕ್ಷಿತ ಫಿಲ್ಮಿಗೆ ಪ್ರತಿ ಮಾಡಿಸಲಾಗಿತ್ತು. ಮೂಲವು ಭಸ್ಮವಾದರೂ ಕೃತಿ ಉಳಿಯಿತು.

ಕನ್ನಡಿಗರಿಗೆ ಈ ಪಾಠವನ್ನು ಪುಣೆಯ ಸಂಗ್ರಹಾಲಯವೇ ಕಲಿಸಬೇಕಾಗಿರಲಿಲ್ಲ. ಸಾವಿರ ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ಅದನ್ನು ಮಾಡಿ ತೋರಿಸಿದ್ದಳು. ಪೊನ್ನ ಮಹಾಕವಿಯಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸಹೋದರರು. ಮಲ್ಲಪನ ಮಗಳೇ ದಾನಚಿಂತಾಮಣಿ ಅತ್ತಿಮಬ್ಬೆ. ಗಂಡ ನಾಗದೇವನು ಯುದ್ಧದಲ್ಲಿ ಮಡಿದ ಬಳಿಕ ವ್ರತನಿಷ್ಠೆಯಲ್ಲಿ ಬಾಳಿದ ಈ ಸಾಧ್ವಿ, ತಂದೆ ಬರೆಯಿಸಿದ ಕಾವ್ಯವು ಮರೆಯಾಗಬಾರದೆಂದು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅವಳ ಆಶ್ರಯದಲ್ಲಿ ಬರೆದ ರನ್ನನು 993ರ ತನ್ನ ‘ಅಜಿತಪುರಾಣ’ದಲ್ಲಿ ಅವಳ ದಾನಗುಣವನ್ನು ಕೊಂಡಾಡಿದ್ದಾನೆ. ಓಲೆಗರಿಗಳನ್ನು ಹದಮಾಡಿ, ಕಂಠದಿಂದ ಕೊರೆದು, ಮಸಿ ತೀಡಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ ಸಾವಿರ ಪ್ರತಿ! ಅದಕ್ಕೆ ಎಷ್ಟು ಜನ ಲಿಪಿಕಾರರು, ಎಷ್ಟು ಕಾಲ ಬೇಕಾಯಿತೋ ಊಹಿಸುವುದೂ ಕಷ್ಟ.

ನಾವು ಇದನ್ನು ತರಗತಿಯಲ್ಲಿ ದಾನದ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೇವೆ. ಅದರ ಇನ್ನೊಂದು ಮುಖವನ್ನು ಪಠ್ಯಪುಸ್ತಕಗಳು ಎತ್ತಿ ಹೇಳುವುದು ಕಡಿಮೆ. ಅದೇ ಪೊನ್ನನು ‘ಭುವನೈಕರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯವನ್ನು ಬರೆದಿದ್ದನು. ಅವನು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಸ್ಥಾನದ ಕವಿ. ಆ ಕಾವ್ಯಕ್ಕೆ ಮನ್ನಣೆಯ ಕೊರತೆ ಇದ್ದಿರಲಾರದು. ಆದರೆ ಅದು ನಮಗೆ ದೊರೆತಿಲ್ಲ. ರನ್ನನ ‘ಪರಶುರಾಮಚರಿತ’ ಮತ್ತು ‘ಚಕ್ರೇಶ್ವರಚರಿತ’ಗಳೂ ಅದೇ ಹಾದಿ ಹಿಡಿದವು.

ಪ್ರತಿಯನ್ನು ಕಾಪಾಡಿಕೊಳ್ಳುವ ಇನ್ನೊಂದು ಕ್ರಮವೂ ನಮ್ಮಲ್ಲಿತ್ತು. ಇದ್ದ ಒಂದನ್ನೇ ಭದ್ರವಾಗಿ ಮುಚ್ಚಿಡುವ ಕ್ರಮ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ‘ಧವಲಾ’ ಎಂಬ ಮಹಾಟೀಕೆಯ ಹಳಗನ್ನಡ ಲಿಪಿಯ ಓಲೆಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯಲ್ಲಿ ಪೂಜೆಗೊಳ್ಳುತ್ತಿದ್ದವು. ಭಕ್ತರಿಗೆ ದರ್ಶನವಷ್ಟೇ ಲಭ್ಯ, ಓದಲು ಅಲ್ಲ. ಹುಳು ಹಿಡಿಯುವ ಗರಿಗಳನ್ನು ಕಂಡು ಕಳವಳಗೊಂಡ ಸಮಾಜದ ಹಿರಿಯರು 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಿಸುವ ಕೆಲಸಕ್ಕೆ ಕೈಹಾಕಿದರು. ಹಾಗೆ ಹೊರಬಂದ ಪ್ರತಿಗಳ ಆಧಾರದ ಮೇಲೆ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಅಚ್ಚು ಮಾಡಿಸಿದರು. ಅವರ ಸಂಪಾದನ ಕಾರ್ಯದಲ್ಲಿ ನೆರವಾದವರು ಡಾ. ಎ.ಎನ್. ಉಪಾಧ್ಯೆ. ನಮ್ಮ ನೆರೆಯ ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ದಶಕಗಳ ಕಾಲ ಪ್ರಾಧ್ಯಾಪಕರಾಗಿದ್ದು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಒಂದು ಹಾಳುಬಿದ್ದ ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ಪಾಠವನ್ನು ನಿಶ್ಚಯಿಸುವುದರಲ್ಲಿಯೇ ಅವರ ಆಯುಷ್ಯ ಸವೆಯಿತು. ಅವರ ಹೆಸರನ್ನು ಈ ಸಂಚಿಕೆಯ ಓದುಗರಿಗೆ ನೆನಪಿಸುವ ಅವಕಾಶ ದೊರೆತದ್ದು ನನಗೆ ಸಂತೋಷ.

ಈಗ ನಮ್ಮ ಶಾಲೆಗೆ ಬರೋಣ. ನಾನು ‘ಸತಿ ಸುಲೋಚನ’ದ ಮಾತನ್ನು ಇಷ್ಟು ವಿಸ್ತಾರವಾಗಿ ಎತ್ತಿದ್ದಕ್ಕೆ ಕಾರಣವಿದೆ. ನಮ್ಮ ಶಾಲೆಯೂ ಅದರಂತೆ ಎರಡು ಮನೆಗಳ ನಡುವಿನ ಕೂಸು. ಗಡಹಿಂಗ್ಲಜವು ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ರಾಜರ್ಷಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯ ಮಾಡಿದ ನಾಡಿದು. 1949ರ ಮಾರ್ಚ್ 1ರಂದು ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ನೆರೆಯ ಸಂಕೇಶ್ವರ, ಹುಕ್ಕೇರಿ, ನಿಪ್ಪಾಣಿಗಳು ಮೈಸೂರು ರಾಜ್ಯಕ್ಕೆ ಸೇರಿದವು, ನಾವು ದ್ವಿಭಾಷಾ ಮುಂಬಯಿ ರಾಜ್ಯದಲ್ಲಿ ಉಳಿದೆವು. 1960ರ ಮೇ 1ರಿಂದ ಮಹಾರಾಷ್ಟ್ರದವರಾದೆವು. ಹಿರಣ್ಯಕೇಶಿಯ ನೀರು ಮಾತ್ರ ಈ ದಿನಾಂಕಗಳನ್ನು ಲೆಕ್ಕಿಸದೆ ಹಿಂದಿನಂತೆಯೇ ಘಟಪ್ರಭೆಯತ್ತ ಹರಿಯುತ್ತಿದೆ.

ಮಹಾರಾಷ್ಟ್ರ ಸರಕಾರವು ನಮಗೆ ಕನ್ನಡ ಮಾಧ್ಯಮವನ್ನೂ ಶಿಕ್ಷಕರನ್ನೂ ಪಠ್ಯಪುಸ್ತಕಗಳನ್ನೂ ಕೊಟ್ಟಿದೆ, ಅದಕ್ಕೆ ನಾವು ಕೃತಜ್ಞರು. ಆದರೆ ಒಂದು ಶಾಲೆಯ ಒಳಬದುಕನ್ನು ಯಾವ ಸರಕಾರವೂ ದಾಖಲಿಸಿ ಇಡುವುದಿಲ್ಲ. ಕರ್ನಾಟಕದ ಶಿಕ್ಷಣದ ಚರಿತ್ರೆಯನ್ನು ಬರೆಯುವವರಿಗೆ ನಾವು ಗಡಿಯಾಚೆಯವರು, ಮಹಾರಾಷ್ಟ್ರದ ಚರಿತ್ರೆಯಲ್ಲಿ ನಮಗೆ ಸಿಗುವುದು ಭಾಷಿಕ ಅಲ್ಪಸಂಖ್ಯಾತರ ಶಾಲೆಗಳೆಂಬ ಒಂದು ಸಾಲು. ಇಲ್ಲಿ ಕನ್ನಡವಿತ್ತು ಎಂಬುದಕ್ಕೆ ಶಿಲಾಹಾರರ ಕಾಲದ ಕಲ್ಲುಗಳು ಕೊಲ್ಹಾಪುರದಲ್ಲಿವೆ. 2010ರಲ್ಲಿ ಇಲ್ಲಿ ಕನ್ನಡ ಕಲಿಯುತ್ತಿದ್ದ ಮಕ್ಕಳ ಮುಖಗಳಿಗೆ ಅಂಥ ಆಧಾರವೆಲ್ಲಿ? ಆ ವರ್ಷಗಳಲ್ಲಿ ಕಲಿತ ಹುಡುಗಿಯರಲ್ಲಿ ಕೆಲವರು ಈಗ ತಮ್ಮ ಮಕ್ಕಳ ಕೈಹಿಡಿದು ಒಂದನೆಯ ಇಯತ್ತೆಗೆ ಸೇರಿಸಲು ಬರುತ್ತಿದ್ದಾರೆ. ಅಮ್ಮ ಇದೇ ಶಾಲೆಯಲ್ಲಿ ಎಲ್ಲಿ ಕುಳಿತಿದ್ದಳು ಎಂದು ಮಗು ಕೇಳಿದರೆ ತೋರಿಸಲು ಗೋಡೆಯ ಮೇಲೆ ಏನೂ ಇಲ್ಲ. ಅಜ್ಜಿಯ ಚಿತ್ರ ಇದೆ!

ಚಿತ್ರ ಇದ್ದೂ ಇಲ್ಲದಂತಾಗುವ ಸ್ಥಿತಿಯೂ ಉಂಟು. ಸಂಸ್ಥಾನದ ಕಡತಗಳು ಮೋಡಿ ಲಿಪಿಯಲ್ಲಿರುತ್ತಿದ್ದವು. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ, ಆದರೆ ಓದಬಲ್ಲವರು ಊರಿಗೊಬ್ಬರೂ ಸಿಗುವುದಿಲ್ಲ. ಇದೇ ಗತಿ ನಮ್ಮ ಕಣ್ಣೆದುರೇ ಕಂಪ್ಯೂಟರಿನ ಕಡತಗಳಿಗೂ ಬಂದಿದೆ. ಯುನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಪ್ರಶ್ನೆಪತ್ರಿಕೆ, ವರದಿಗಳನ್ನು ಇಂದು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಇದನ್ನು ಅನುಭವಿಸದ ಕನ್ನಡ ಶಿಕ್ಷಕರು ವಿರಳ. ಪರಿವರ್ತಕಗಳು ಸಿಗುವಾಗಲೇ ಅವುಗಳನ್ನು ಯುನಿಕೋಡಿಗೆ ತಂದಿಡುವುದು ಲೇಸು.

ಡಿಜಿಟಲ್ ಚಿತ್ರ ಎಲ್ಲಿ ಕುಳಿತಿರುತ್ತದೆ ಎಂಬುದನ್ನು ಪಾಲಕರು ತಿಳಿದಿರುವುದು ಒಳ್ಳೆಯದು. ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪನವುಳ್ಳ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮುಳ್ಳು ಅವುಗಳನ್ನು ತಾಗದೆ, ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ಕೈಜಾರಿ ಬಿದ್ದರೆ, ಧೂಳು ಹೊಕ್ಕರೆ ತಟ್ಟೆ ಗೀರಿಹೋಗುತ್ತದೆ. ಬೀಳದಿದ್ದರೂ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ನಾವು ಬರೆಯುವ ಸಿಡಿಯಲ್ಲಿ ಚಿತ್ರವು ಒಂದು ಬಣ್ಣದ ಪದರಿನ ಮೇಲೆ ಅಚ್ಚಾಗಿರುತ್ತದೆ. ಸೆಕೆ, ಬೆಳಕು, ತೇವಗಳಿಗೆ ಆ ಬಣ್ಣ ಕೆಡುತ್ತದೆ. ಪೆನ್ ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಚಿತ್ರವೆಂದರೆ ಬಂಧಿತವಾದ ವಿದ್ಯುದಂಶ. ವರ್ಷಗಟ್ಟಲೆ ಬಳಸದೆ ಇಟ್ಟರೆ ಅದು ಮೆಲ್ಲಗೆ ಸೋರಿಹೋಗಬಲ್ಲದು. ಹಳೆಯ ಕಪ್ಪುಬಿಳುಪು ಚಿತ್ರ ಹಳದಿಯಾಗುತ್ತ, ಅಂಚು ಹರಿಯುತ್ತ, ನಮಗೆ ಎಚ್ಚರಿಕೆ ಕೊಡುತ್ತ ಕೆಡುತ್ತಿತ್ತು. ಇವುಗಳಿಗೆ ಆ ಸೌಜನ್ಯವಿಲ್ಲ. ನಿನ್ನೆ ಎಲ್ಲವೂ ಇರುತ್ತದೆ, ಇಂದು ಏನೂ ಇರುವುದಿಲ್ಲ.

ಒಂದು ಸಮಾಧಾನದ ಸಂಗತಿಯೂ ಇದೆ. ಕಾರ್ಡಿನಿಂದ ಚಿತ್ರಗಳನ್ನು ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಪರಿವಿಡಿ ಮಾತ್ರ, ಪುಟಗಳು ಕೂಡಲೇ ಹೋಗುವುದಿಲ್ಲ. ಅದರ ಮೇಲೆ ಹೊಸದನ್ನು ಬರೆಯದೆ ಆ ಕ್ಷಣವೇ ಕ್ಯಾಮೆರಾದಿಂದ ಹೊರತೆಗೆದಿಟ್ಟರೆ, ಬಲ್ಲವರು ಬಹಳಷ್ಟನ್ನು ಮರಳಿ ಪಡೆಯಬಹುದು. ಅಳಿದ ಕಾರ್ಡಿನಲ್ಲಿಯೇ ಮತ್ತೆ ಹತ್ತು ಚಿತ್ರ ತೆಗೆದರೆ ಆ ಅವಕಾಶವೂ ಮುಗಿಯುತ್ತದೆ.

ಅಂತರಜಾಲದ ಉಗ್ರಾಣಗಳನ್ನು ನಂಬಿದವರ ಚರಿತ್ರೆಯೂ ಈಗ ಸಾಕಷ್ಟು ದೊಡ್ಡದಾಗಿದೆ. 2004ರಲ್ಲಿ ಆರಂಭವಾದ ಆರ್ಕುಟ್ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ತಲೆಮಾರಿನವರ ಮೊದಲ ಅಂತರಜಾಲ ಕಟ್ಟೆ. ಕಾಲೇಜಿನ ದಿನಗಳ, ಊರ ಜಾತ್ರೆಗಳ ಚಿತ್ರಗಳನ್ನು ಅಲ್ಲಿಗೇ ಏರಿಸುತ್ತಿದ್ದರು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಚಿತ್ರಗಳನ್ನು ಇಳಿಸಿಕೊಳ್ಳಲು ಇನ್ನೂ ಎರಡು ವರ್ಷ ಅವಕಾಶ ಕೊಡಲಾಗಿತ್ತು. ಅದನ್ನು ಬಳಸಿಕೊಂಡವರು ನಮ್ಮ ಪರಿಚಯದವರಲ್ಲಿ ಒಬ್ಬಿಬ್ಬರು ಮಾತ್ರ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹವೂ 2021ರ ಜೂನ್ 1ಕ್ಕೆ ನಿಂತಿತು. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸುವ ನಿಯಮವನ್ನೂ ಆ ಸಂಸ್ಥೆ 2023ರ ಕೊನೆಯಿಂದ ಜಾರಿಗೆ ತಂದಿದೆ. ತೀರಿಹೋದ ತಂದೆಯ ಫೋನಿನ ಚಿತ್ರಗಳು ಮೋಡದಲ್ಲಿ ಭದ್ರವಾಗಿವೆ ಎಂದುಕೊಂಡ ಮನೆಯವರು ಇದನ್ನು ಗಮನಿಸಬೇಕು. ಇನ್ನೊಂದು ಮಾತು: ಫೋನಿನೊಡನೆ ತಾಳೆ ಹಾಕಿಕೊಳ್ಳುವ ಖಾತೆಯಲ್ಲಿ, ಫೋನಿನಿಂದ ಅಳಿಸಿದರೆ ಅಲ್ಲಿಂದಲೂ ಅಳಿಯುತ್ತದೆ. ಅದನ್ನು ಎರಡನೆಯ ಪ್ರತಿ ಎಂದು ಎಣಿಸಲಾಗದು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರವು ಕುಗ್ಗಿ ಹೋಗುತ್ತದೆ, ತೆಗೆದ ದಿನಾಂಕವೂ ಅದರೊಳಗಿನಿಂದ ಕಳಚುತ್ತದೆ. ಈ ಸಂಚಿಕೆಗೆ ಹಾಗೆ ಬಂದ ಹಲವು ಚಿತ್ರಗಳನ್ನು ಮಸುಕಾದ ಕಾರಣದಿಂದ ಕೈಬಿಡಬೇಕಾಯಿತೆಂದು ಖೇದದಿಂದ ತಿಳಿಸುತ್ತೇನೆ.

ದೊಡ್ಡವರೂ ಇದಕ್ಕೆ ಹೊರತಲ್ಲ. 1969ರ ಜುಲೈನಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟಾಗಿನ ಅತಿ ಸ್ಪಷ್ಟವಾದ ದೃಶ್ಯಗಳಿದ್ದ ಮೂಲ ಟೇಪುಗಳು ಬಹುಶಃ ಅಳಿಸಲ್ಪಟ್ಟು, ಬೇರೆ ದಾಖಲೆಗಳಿಗೆ ಮರುಬಳಕೆಯಾದವೆಂದು ಅಮೆರಿಕದ ನಾಸಾ ಸಂಸ್ಥೆಯೇ 2009ರಲ್ಲಿ ಒಪ್ಪಿಕೊಂಡಿತು. ಕಾರ್ಡು ತುಂಬಿತೆಂದು ಹಳೆಯದನ್ನು ಅಳಿಸುವ ನಮ್ಮ ಅಭ್ಯಾಸಕ್ಕಿಂತ ಅದು ಭಿನ್ನವಾದದ್ದೇನಲ್ಲ. ಅಂದು ನೇರಪ್ರಸಾರ ಮಾಡಿದ ದೂರದರ್ಶನ ಕೇಂದ್ರಗಳು ತಮ್ಮ ಪ್ರತಿಗಳನ್ನು ಇಟ್ಟುಕೊಂಡಿದ್ದವು. ಅವುಗಳಿಂದ ಆ ದೃಶ್ಯಗಳನ್ನು ಮತ್ತೆ ಹಸನುಗೊಳಿಸಲಾಯಿತು.

ನಮ್ಮ ಜಿಲ್ಲೆಗೆ ಇವೆಲ್ಲಕ್ಕಿಂತ ದೊಡ್ಡ ಅಪಾಯ ನೀರಿನದು. 2005, 2019, 2021ರ ಮಹಾಪೂರಗಳನ್ನು ನಾವು ಕಂಡಿದ್ದೇವೆ. ಕೊಲ್ಹಾಪುರದ ರಾಜಾರಾಮ ಬಾಂಧಿನಲ್ಲಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲಿ ಅದು 55 ಅಡಿಯನ್ನು ಮೀರಿತು. ನೆರೆ ಇಳಿದ ಬಳಿಕ ಜನರು ಬಿಸಿಲಿಗೆ ಹರವಿದ ವಸ್ತುಗಳಲ್ಲಿ ಹಾಸಿಗೆ, ಕಾಳುಗಳ ಜೊತೆಗೆ ಮಕ್ಕಳ ಗುಣಪತ್ರಿಕೆಗಳೂ ಮದುವೆಯ ಆಲ್ಬಮ್ಮುಗಳೂ ಇದ್ದವು. ಕಾಗದದ ಚಿತ್ರವನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒಂದಕ್ಕೊಂದು ಅಂಟದಂತೆ ಬಿಡಿಸಿ, ನೆರಳಲ್ಲಿ ಒಣಗಿಸಿದರೆ ಎಷ್ಟೋ ಸಲ ಉಳಿಯುತ್ತದೆ. ಕೆಸರು ಹೊಕ್ಕ ಹಾರ್ಡ್ ಡಿಸ್ಕಿಗೆ ಅಂಥ ಮನೆಮದ್ದಿಲ್ಲ. ಕಂಪ್ಯೂಟರೂ ಅದರ ಎರಡನೆಯ ಪ್ರತಿಯೂ ಒಂದೇ ಮನೆಯ ಒಂದೇ ಕಪಾಟಿನಲ್ಲಿದ್ದರೆ ನೀರು ಎರಡನ್ನೂ ಒಟ್ಟಿಗೇ ಒಯ್ಯುತ್ತದೆ. ಅಮೆರಿಕದ ಛಾಯಾಚಿತ್ರಕಾರ ಪೀಟರ್ ಕ್ರೋಗ್ ಎಂಬವರು 2005ರ ತಮ್ಮ ಗ್ರಂಥದಿಂದ ಪ್ರಚಾರಕ್ಕೆ ತಂದ ಒಂದು ನಿಯಮ ಇಂದು ಎಲ್ಲೆಡೆ ಮಾನ್ಯವಾಗಿದೆ: ಪ್ರತಿಗಳು ಮೂರು ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಸ್ಥಳದಲ್ಲಿರಲಿ. ಇಚಲಕರಂಜಿಯ ಟ್ರಂಕಿನಲ್ಲಿ ಉಳಿದ ನಮ್ಮ ಗುಂಪುಚಿತ್ರ ಈ ನಿಯಮವನ್ನು ತಿಳಿಯದೆಯೇ ಪಾಲಿಸಿತ್ತು.

ಆದುದರಿಂದ ಶಾಲೆಯ ಆಡಳಿತ ಮಂಡಳಿ, ಶಿಕ್ಷಕರು ಮತ್ತು ಹಳೆಯ ವಿದ್ಯಾರ್ಥಿಗಳ ಸಂಘ ಸೇರಿ ಒಂದು ವ್ಯವಸ್ಥೆಯನ್ನು ಮಾಡಿವೆ. ಶತಮಾನೋತ್ಸವಕ್ಕೆ ಬಂದ ಎಲ್ಲ ಚಿತ್ರಗಳನ್ನೂ ಸ್ಕ್ಯಾನ್ ಮಾಡಿ, ಮೂಲವನ್ನು ಕೊಟ್ಟವರಿಗೇ ಮರಳಿಸಲಾಗಿದೆ. ಸ್ಕ್ಯಾನ್ ಪ್ರತಿಗಳ ಒಂದು ಡಿಸ್ಕು ಕಚೇರಿಯಲ್ಲಿದೆ, ಇನ್ನೊಂದು ಬೆಳಗಾವಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರ ಮನೆಯಲ್ಲಿದೆ, ಮೂರನೆಯದು ಶಾಲೆಯ ಹೆಸರಿನ ಅಂತರಜಾಲ ಖಾತೆಯಲ್ಲಿದೆ. ಖಾತೆಯ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಟ್ಟಿದ್ದೇವೆ. ಇನ್ನು ಕೆಲವು ವರ್ಷಗಳಲ್ಲಿ ನಾನು ನಿವೃತ್ತಳಾಗುವೆನಾದ್ದರಿಂದ ಅದು ನನ್ನ ತಲೆಯಲ್ಲಿ ಮಾತ್ರ ಇರುವುದು ತರವಲ್ಲ. ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಹಿರಿಯ ತರಗತಿಯ ಮಕ್ಕಳು ಶಿಕ್ಷಕರೊಡನೆ ಕುಳಿತು ಡಿಸ್ಕನ್ನು ತೆರೆದು ಚಿತ್ರಗಳು ಕಾಣುತ್ತವೆಯೇ ಎಂದು ನೋಡಿ ರಜಿಸ್ಟರಿನಲ್ಲಿ ಸಹಿ ಮಾಡುವರು. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸುವುದು ಎಂದು ಠರಾವಾಗಿದೆ. ಇದಲ್ಲದೆ ಈ ವರ್ಷದಿಂದ ಪ್ರತಿಯೊಂದು ತರಗತಿಯ ಗುಂಪುಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಪ್ರತಿ ಮಗುವಿನ ಮನೆಗೂ ಒಂದನ್ನು ಕಳಿಸಲಾಗುವುದು. ಅದಕ್ಕೆ ತಗಲುವ ಅಲ್ಪ ವೆಚ್ಚವನ್ನು ಕೊಡಲು ಪಾಲಕರ ಸಭೆ ಒಪ್ಪಿದೆ.

ಆ ಬರಿದಾದ ಹತ್ತು ವರ್ಷಗಳ ಮಾತು ಉಳಿದಿದೆ. 2005ರಿಂದ 2015ರ ನಡುವೆ ನಮ್ಮಲ್ಲಿ ಕಲಿತವರು, ಕಲಿಸಿದವರು, ಸಮಾರಂಭಗಳಿಗೆ ಅತಿಥಿಗಳಾಗಿ ಬಂದವರು ದಯವಿಟ್ಟು ತಮ್ಮ ಮನೆಯ ಮೂಲೆಗಳನ್ನೊಮ್ಮೆ ನೋಡಬೇಕು. ಕೆಲಸ ಮಾಡದ ಹಳೆಯ ಮೊಬೈಲನ್ನು ಮೋಡಕಾದವರಿಗೆ ಕೊಡುವ ಮುನ್ನ ಅದರೊಳಗಿನ ಕಾರ್ಡನ್ನು ತೆಗೆದುನೋಡಿ. ಆ ಕಾಲದಲ್ಲಿ ಮದುವೆ, ಸೀಮಂತಗಳ ಚಿತ್ರ ತೆಗೆಯುತ್ತಿದ್ದ ಸ್ಟುಡಿಯೋದವರು ಶಾಲೆಯ ಕಾರ್ಯಕ್ರಮಗಳಿಗೂ ಬರುತ್ತಿದ್ದರು, ಅವರ ಹಳೆಯ ಡಿಸ್ಕುಗಳಲ್ಲಿ ಏನಾದರೂ ಇರಬಹುದು. ತೆರೆಯದ ಸಿಡಿಯನ್ನು ಎಸೆಯಬೇಡಿ. ಒಂದು ಯಂತ್ರದಲ್ಲಿ ಓದದಿರುವುದು ಇನ್ನೊಂದರಲ್ಲಿ ಓದುವುದುಂಟು. ನಮ್ಮ ಕಪಾಟಿನ ಸಿಡಿಗಳಲ್ಲಿ ಒಂದು ಹಾಗೆಯೇ ಬೇರೆ ಯಂತ್ರದಲ್ಲಿ ತೆರೆದು ಒಂದು ಸ್ನೇಹಸಮ್ಮೇಳನದ ಕೆಲವು ಚಿತ್ರಗಳನ್ನು ಕೊಟ್ಟಿದೆ. ಅವು ಈ ಸಂಚಿಕೆಯಲ್ಲಿ ಅಚ್ಚಾಗಿವೆ. ಚಿತ್ರದಲ್ಲಿರುವ ಎಲ್ಲರ ಹೆಸರು ನಮಗೆ ತಿಳಿಯಲಿಲ್ಲ. ಗುರುತಿಸಿದವರು ಕಚೇರಿಗೆ ತಿಳಿಸಬೇಕು. ಕಾಗದದ ಚಿತ್ರಗಳನ್ನು ತರುವವರು ಎಡದಿಂದ ಬಲಕ್ಕೆ ಹೆಸರು, ಇಯತ್ತೆ, ವರ್ಷಗಳನ್ನು ಹಿಂಬದಿಯಲ್ಲಿ ಬರೆದು ತರಲಿ. ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಬೇಕು. ಬಾಲ್ ಪೆನ್ನಿನ ಗೀರು ಮುಂಬದಿಯ ಮುಖಗಳ ಮೇಲೆ ಮೂಡುತ್ತದೆ.